ಗೇಣಿದಾರನ ಮಗನಾದ ನನಗೆ ಭೂಸುಧಾರಣಾ ಕಾಯ್ದೆಯ 79ಎ ಕಲಮು ರದ್ದಾದಾಗ ಸಂತೋಷವಾಯಿತು: ಇದನ್ನು ಏನೆಂದು ಕರೆಯಬೇಕು?

ಪ್ರಶ್ನೆ: ಶರಾವತಿ ಸೀಮೆಯವ

ಮಾನ್ಯರೇ,

ನನಗೆ ಈಗ ಎಪ್ಪತ್ತು ವರ್ಷ. ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮೂರೂವರೆ ಎಕರೆ ಗದ್ದೆ, ಅರ್ಧ ಎಕರೆ ಅಡಿಕೆ ತೋಟ ಇಟ್ಟುಕೊಂಡು ಸಂಸಾರ ಸಾಗಿಸಿದವನು. ಐದು ವರ್ಷಗಳಿಂದ ಮನಸ್ಸಿನೊಳಗೇ ತಿರುಗುತ್ತಿರುವ ಒಂದು ಸಂಗತಿಯನ್ನು ತಮ್ಮ ಮುಂದೆ ಇಡುತ್ತಿದ್ದೇನೆ. ಸ್ವಲ್ಪ ಹಿಂದಿನಿಂದ ಹೇಳಬೇಕಾಗುತ್ತದೆ, ಸಹಿಸಿಕೊಳ್ಳಬೇಕು.

ನಮ್ಮದು ಗೇಣಿದಾರರ ಮನೆ. 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ ನನ್ನ ತಂದೆಯವರಿಗೆ ಇಪ್ಪತ್ತಾರು ವರ್ಷ. ಜಗಳ ಹುಟ್ಟಿದ್ದು ಕೊಳಗದ ಅಳತೆಯಿಂದ. ಒಡೆಯರು ಗೇಣಿ ಭತ್ತ ಅಳೆದುಕೊಳ್ಳುತ್ತಿದ್ದ ಕೊಳಗ ರೂಢಿಯ ಕೊಳಗಕ್ಕಿಂತ ದೊಡ್ಡದಾಗಿತ್ತು. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಒಟ್ಟುಗೂಡಿಸಿದರು, ಸಮಾಜವಾದಿಗಳು ಜೊತೆಗೆ ನಿಂತರು, ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ತಂದೆಯವರೂ ಕೆಲವು ವಾರ ಜೈಲಿನಲ್ಲಿದ್ದು ಬಂದರು. ಮರುವರ್ಷದ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರು ನಮ್ಮ ಕಡೆಯಿಂದ ಗೆದ್ದರು. ಆಗ ಅಭ್ಯರ್ಥಿಗೊಂದು ಪೆಟ್ಟಿಗೆ ಇರುತ್ತಿತ್ತಂತೆ. ಮರದ ಚಿತ್ರವಿದ್ದ ಪೆಟ್ಟಿಗೆಗೆ ಚೀಟಿ ಹಾಕಿ ಹೊರಬಂದದ್ದನ್ನು ತಂದೆಯವರು ಹೆಂಡತಿಯನ್ನು ಮನೆ ತುಂಬಿಸಿಕೊಂಡ ದಿನಕ್ಕಿಂತ ಹೆಚ್ಚು ಉತ್ಸಾಹದಿಂದ ವರ್ಣಿಸುತ್ತಿದ್ದರು.

ನಾನು ಶಿವಮೊಗ್ಗದಲ್ಲಿ ಕಾಲೇಜು ಓದುತ್ತಿದ್ದ ಹೊತ್ತಿಗೆ ದೇವರಾಜ ಅರಸರ ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದಿತು. 1974ರ ಮಾರ್ಚ್ 1ರಿಂದ ಗೇಣಿಯ ಭೂಮಿಯೆಲ್ಲ ಸರ್ಕಾರದ ವಶಕ್ಕೆ ಬಂದು, ಏಳನೇ ನಮೂನೆಯ ಅರ್ಜಿ ಹಾಕಿದ ಗೇಣಿದಾರರಿಗೆ ಭೂ ನ್ಯಾಯಮಂಡಳಿಗಳ ಮೂಲಕ ಹಂಚಿಕೆಯಾಗತೊಡಗಿತು. ಗೋಪಾಲಗೌಡರು 1972ರಲ್ಲೇ ತೀರಿಕೊಂಡಿದ್ದರು. ಅವರು ಜೀವಮಾನವಿಡೀ ಕೇಳಿದ್ದನ್ನು ಕೊಟ್ಟದ್ದು ಅವರು ಜೀವಮಾನವಿಡೀ ವಿರೋಧಿಸಿದ ಪಕ್ಷ. ನಮ್ಮ ಅರ್ಜಿ ತೀರ್ಮಾನವಾದದ್ದು 1976ರಲ್ಲಿ, ತುರ್ತುಪರಿಸ್ಥಿತಿಯ ನಡುವೆ. ಪಹಣಿಯಲ್ಲಿ ತಂದೆಯವರ ಹೆಸರು ಬಂದ ಕೆಲವೇ ತಿಂಗಳಿಗೆ, ತುರ್ತುಪರಿಸ್ಥಿತಿಯನ್ನು ವಿರೋಧಿಸಿ ಬಂಧಿತರಾಗಿ ಬೆಂಗಳೂರಿನ ಜೈಲಿನಿಂದ ಹೊರಬಂದ ನಟಿ ಸ್ನೇಹಲತಾ ರೆಡ್ಡಿಯವರು ತೀರಿಕೊಂಡ ಸುದ್ದಿ ನಮ್ಮ ಹಾಸ್ಟೆಲಿಗೆ ತಲುಪಿತು. ಈ ಎರಡು ಸುದ್ದಿಗಳು ನನ್ನ ತಲೆಯಲ್ಲಿ ಇಂದಿಗೂ ಒಂದೇ ಕೋಣೆಯಲ್ಲಿ ಕೂರುವುದಿಲ್ಲ.

1977ರ ಮಾರ್ಚ್‌ನಲ್ಲಿ ನಾನು ಮೊದಲ ಬಾರಿಗೆ ಮತ ಹಾಕಿದೆ. ಆಗ ಅದಕ್ಕೆ 21 ತುಂಬಿರಬೇಕಿತ್ತು. ನನ್ನ ಮುದ್ರೆ ಬಿದ್ದದ್ದು ಚಕ್ರದೊಳಗಿನ ನೇಗಿಲು ಹೊತ್ತ ರೈತನಿಗೆ, ಅಂದರೆ ಜನತಾ ಪಕ್ಷಕ್ಕೆ. ಜೈಲಿಗೆ ಹೋಗಿ ಬಂದ ಹಳೆಯ ಸಮಾಜವಾದಿಯಾದ ನನ್ನ ತಂದೆಯವರ ಮುದ್ರೆ ಬಿದ್ದದ್ದು ಇಂದಿರಾ ಗಾಂಧಿಯವರ ಹಸು-ಕರುವಿಗೆ. ಉತ್ತರದಲ್ಲಿ ಕಾಂಗ್ರೆಸ್ ಗುಡಿಸಿಹೋದ ಆ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳ ಪೈಕಿ 26 ಕಾಂಗ್ರೆಸ್ಸಿಗೇ ಬಂದವು. ನಮ್ಮ ಮನೆಯಂತಹ ಮನೆಗಳೇ ಅದಕ್ಕೆ ಕಾರಣ ಎಂಬುದು ನನಗೆ ಗೊತ್ತಿತ್ತು, ಮತ್ತು ಅದರಿಂದಲೇ ಹೆಚ್ಚು ಅವಮಾನವಾಗಿತ್ತು. ಊಟಕ್ಕೆ ಕುಳಿತಾಗ, ನೀವು ಮೂರೂವರೆ ಎಕರೆಗೆ ಮಾರಿಕೊಂಡಿರಿ ಎಂದುಬಿಟ್ಟೆ. ಅವರು ಕೋಪಿಸಿಕೊಳ್ಳಲಿಲ್ಲ. “ನಿಂಗೆ ಮಾತಾಡಕ್ಕೆ ಜಾಗ ಬೇಕು, ನಂಗೆ ಉಳಕ್ಕೆ ಜಾಗ ಬೇಕು,” ಎಂದು ಹೇಳಿ ಮಜ್ಜಿಗೆ ಹಾಕಿಸಿಕೊಂಡರು.

ಮುಂದಿನದನ್ನು ಬೇಗ ಹೇಳುತ್ತೇನೆ. 1980ರಲ್ಲಿ ನರಗುಂದ, ನವಲಗುಂದಗಳಲ್ಲಿ ರೈತರ ಮೇಲೆ ಗುಂಡು ಹಾರಿದ ವರ್ಷವೇ ನಮ್ಮ ಜಿಲ್ಲೆಯಲ್ಲಿ ರೈತ ಸಂಘ ಕಟ್ಟಿಕೊಂಡಿತು. ನಾನು ಹಸಿರು ಶಾಲು ಹೊದ್ದೆ, ಸಾಲ ವಸೂಲಿಗೆ ಬಂದವರನ್ನು ಊರ ಬಾಗಿಲಲ್ಲೇ ತಡೆದೆ, ಬೀಜದ ಹಕ್ಕನ್ನೂ ಒಳಗೊಂಡ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಡಂಕೆಲ್ ಪ್ರಸ್ತಾವದ ವಿರುದ್ಧ ಭಾಷಣ ಮಾಡಿದೆ. ಆಮೇಲೆ ಮಗ ಬೆಂಗಳೂರು ಸೇರಿದ, ನನ್ನ ಮಂಡಿ ಸವೆಯಿತು, ಕೂಲಿಗೆ ಜನ ಸಿಗದಾಯಿತು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿ, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದೆಂದು ಮಾಡಿದಾಗ ನನ್ನ ಹಳೆಯ ಗೆಳೆಯರೆಲ್ಲ ಪ್ರತಿಭಟನೆಗೆ ಹೊರಟರು. ನಾನೂ ಹೊರಟೆ. ಆದರೆ ಹೊರಡುವ ಹಿಂದಿನ ದಿನ ಒಬ್ಬ ದಲ್ಲಾಳಿ ಜಗುಲಿಯಲ್ಲಿ ಕುಳಿತು, “ಇನ್ನು ಯಾರು ಬೇಕಾದರೂ ತಗೊಳ್ಳಬಹುದು, ನಿಮ್ಮ ಜಾಗಕ್ಕೆ ಒಳ್ಳೆ ರೇಟು ಬರುತ್ತೆ,” ಎಂದಾಗ ನನ್ನ ಎದೆಯಲ್ಲಿ ಆದದ್ದು ಸಂತೋಷ. ಸಂದೇಹವಿಲ್ಲದ, ತಕ್ಷಣದ ಸಂತೋಷ. ಆ ರಾತ್ರಿ ಟ್ರಂಕು ತೆಗೆದು ತಂದೆಯವರ ಏಳನೇ ನಮೂನೆಯ ನಕಲನ್ನು ನೋಡುತ್ತ ಕುಳಿತೆ.

ನನ್ನ ಪ್ರಶ್ನೆ ಇಷ್ಟೇ. ವಯಸ್ಸಾದಂತೆ ಮನುಷ್ಯನ ರಾಜಕೀಯ ನಂಬಿಕೆ ಮಾಗುತ್ತದೆಯೇ, ಅಥವಾ ನಿಂತ ಜಾಗ ಬದಲಾದಂತೆ ಹಿತಾಸಕ್ತಿ ಹೊಸ ಮಾತು ಕಲಿಯುತ್ತದೆಯೇ? ಅಂದು ತಂದೆಯವರಿಗೆ ಆಡಿದ ಮಾತನ್ನು ಇಂದು ನನಗೆ ನಾನೇ ಆಡಿಕೊಳ್ಳಬೇಕೇ?

ಉತ್ತರ 1: ನಿವೃತ್ತ ಅಧ್ಯಾಪಕ, ಮೈಸೂರು

ಮಾನ್ಯರೇ, ಮೂವತ್ತು ವರ್ಷ ರಾಜ್ಯಶಾಸ್ತ್ರ ಬೋಧಿಸಿದವನಾಗಿ ಮೊದಲು ಒಂದು ಸವಕಲು ಮಾತನ್ನು ದಾರಿಯಿಂದ ಸರಿಸಿಬಿಡುತ್ತೇನೆ. ಇಪ್ಪತ್ತರಲ್ಲಿ ಸಮಾಜವಾದಿಯಾಗದವನಿಗೆ ಹೃದಯವಿಲ್ಲ, ನಲವತ್ತರಲ್ಲೂ ಸಮಾಜವಾದಿಯಾಗಿ ಉಳಿದವನಿಗೆ ಬುದ್ಧಿಯಿಲ್ಲ ಎಂಬ ಮಾತನ್ನು ಚರ್ಚಿಲ್ ಅವರ ತಲೆಗೆ ಕಟ್ಟುವವರು ಬಹಳ. ಅವರು ಹಾಗೆ ಹೇಳಿದ ದಾಖಲೆಯಿಲ್ಲ. ಅವರ ಬದುಕೂ ಹಾಗೆ ಸಾಗಲಿಲ್ಲ. 1900ರಲ್ಲಿ ಕನ್ಸರ್ವೇಟಿವ್ ಸದಸ್ಯರಾಗಿ ಪಾರ್ಲಿಮೆಂಟಿಗೆ ಬಂದು, 1904ರಲ್ಲಿ ಲಿಬರಲ್ ಪಕ್ಷಕ್ಕೆ ಹೋಗಿ, 1924ರ ಹೊತ್ತಿಗೆ ಮೊದಲಿನ ಕಡೆಗೇ ಮರಳಿದವರು ಅವರು. ವಯಸ್ಸಿನ ಏಣಿ ಒಂದೇ ದಿಕ್ಕಿಗೆ ಹತ್ತುತ್ತದೆ ಎನ್ನುವುದಕ್ಕೆ ಇದಕ್ಕಿಂತ ಕೆಟ್ಟ ಉದಾಹರಣೆ ಸಿಗುವುದು ಕಷ್ಟ.

ವಿದ್ವಾಂಸರು ಈ ಪ್ರಶ್ನೆಯನ್ನು ಗಂಭೀರವಾಗಿಯೇ ಕೆದಕಿದ್ದಾರೆ. ಜರ್ಮನ್ ಸಮಾಜಶಾಸ್ತ್ರಜ್ಞ ಕಾರ್ಲ್ ಮ್ಯಾನ್‌ಹೈಮ್ 1928ರಲ್ಲಿ ತಲೆಮಾರುಗಳ ಬಗ್ಗೆ ಬರೆಯುತ್ತ, ಹದಿಹರೆಯ ಮುಗಿದು ಪ್ರೌಢತೆ ಬರುವ ಹೊತ್ತಿನಲ್ಲಿ ಕಂಡ ಲೋಕವೇ ಮನುಷ್ಯನಿಗೆ ಲೋಕದ ಸಹಜ ಚಿತ್ರವಾಗಿ ಉಳಿಯುತ್ತದೆ, ಆಮೇಲಿನ ಅನುಭವಗಳೆಲ್ಲ ಅದರ ಜೊತೆ ಹೋಲಿಸಿಕೊಂಡೇ ಅರ್ಥ ಪಡೆಯುತ್ತವೆ ಎಂದು ವಾದಿಸಿದರು. ಅಮೆರಿಕದ ಬೆನಿಂಗ್ಟನ್ ಎಂಬ ಮಹಿಳಾ ಕಾಲೇಜಿನಲ್ಲಿ 1930ರ ದಶಕದಲ್ಲಿ ಥಿಯೊಡೋರ್ ನ್ಯೂಕೋಂಬ್ ನಡೆಸಿದ ಅಧ್ಯಯನ ಇದಕ್ಕೆ ಪುಷ್ಟಿ ಕೊಟ್ಟಿತು. ಅನುಕೂಲಸ್ಥ, ಸಂಪ್ರದಾಯವಾದಿ ಮನೆಗಳಿಂದ ಬಂದ ಆ ಹೆಣ್ಣುಮಕ್ಕಳು ಕಾಲೇಜಿನ ಉದಾರವಾದಿ ವಾತಾವರಣದಲ್ಲಿ ತಮ್ಮ ತಂದೆಯರ ರಾಜಕೀಯದಿಂದ ದೂರ ಸರಿದರು. 1960ರ ದಶಕದಲ್ಲಿ, ಮತ್ತೆ 1984ರಲ್ಲಿ ಅವರನ್ನೇ ಹುಡುಕಿ ಮಾತನಾಡಿಸಿದಾಗ ಬಹುಪಾಲು ಮಂದಿ ಆ ಬದಲಾವಣೆಯನ್ನು ಅಜ್ಜಿಯಾಗುವವರೆಗೂ ಉಳಿಸಿಕೊಂಡಿದ್ದರು. ನನಗೆ ಮುಖ್ಯವೆನಿಸುವುದು ಅದರ ಕಾರಣ: ತಮ್ಮ ಹೊಸ ನಂಬಿಕೆಗೆ ಒಪ್ಪುವ ಗಂಡನನ್ನು, ಗೆಳತಿಯರನ್ನು ಅವರು ಆರಿಸಿಕೊಂಡಿದ್ದರು. ನಂಬಿಕೆ ಒಳಗಿನ ಗಟ್ಟಿತನದಿಂದ ಮಾತ್ರ ಉಳಿಯುವುದಿಲ್ಲ, ಸುತ್ತಲೂ ಕುಳಿತವರು ಅದನ್ನು ಉಳಿಸುತ್ತಾರೆ.

1965ರಲ್ಲಿ ಅಮೆರಿಕದ ಶಾಲೆ ಮುಗಿಸುತ್ತಿದ್ದ ಮಕ್ಕಳನ್ನೂ ಅವರ ತಂದೆತಾಯಿಯರನ್ನೂ ಮಾತನಾಡಿಸಿ, ಆ ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿದ ಇನ್ನೊಂದು ದೊಡ್ಡ ಅಧ್ಯಯನವಿದೆ. ಅದೇ ಮಾಹಿತಿಯನ್ನು ಇಟ್ಟುಕೊಂಡು 2020ರಲ್ಲಿ ಪ್ರಕಟವಾದ ಒಂದು ಪ್ರಬಂಧದ ತೀರ್ಮಾನ ಹೀಗಿದೆ: ಹೆಚ್ಚಿನವರ ರಾಜಕೀಯ ಮನೋಭಾವ ಬಹುಕಾಲ ಸ್ಥಿರವಾಗಿಯೇ ಇರುತ್ತದೆ; ಆದರೆ ಬದಲಾಗುವವರಲ್ಲಿ, ಉದಾರವಾದಿಗಳು ಸಂಪ್ರದಾಯವಾದಿಗಳಾಗುವುದು ಅದರ ವಿರುದ್ಧ ದಿಕ್ಕಿನ ಚಲನೆಗಿಂತ ಹೆಚ್ಚು. ಎರಡು ಪಕ್ಷಗಳ ದೇಶದ ಈ ಲೆಕ್ಕವನ್ನು ಜಾತಿ, ಭಾಷೆ, ಭೂಮಿ, ನೀರು ಎಲ್ಲವೂ ಸೇರಿ ಮತವಾಗುವ ನಮ್ಮಲ್ಲಿಗೆ ಹಾಗೆಯೇ ಎತ್ತಿ ತರಬಾರದು ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ, ತಮಗೂ ಹೇಳುತ್ತೇನೆ.

ತಮ್ಮ ಕಥನವನ್ನು ಮತ್ತೊಮ್ಮೆ ಓದಿದಾಗ ನನಗೆ ಕಂಡದ್ದು ಬೇರೆ. 1951ರಲ್ಲಿ ಪ್ರಶ್ನೆ ಗೇಣಿಯ ಅಳತೆಯದು. 1974ರಲ್ಲಿ ಅದು ಒಡೆತನದ್ದಾಯಿತು, 1980ರಲ್ಲಿ ಬೆಲೆ ಮತ್ತು ಸಾಲದ್ದು, 1990ರ ದಶಕದ ಆರಂಭದಲ್ಲಿ ಬೀಜದ್ದು, 2020ರಲ್ಲಿ ಮಾರಾಟದ್ದು. ತಾವು ಒಂದೇ ಪ್ರಶ್ನೆಗೆ ಐದು ಉತ್ತರ ಕೊಟ್ಟವರಲ್ಲ. ಕಾಲ ಐದು ಪ್ರಶ್ನೆ ಕೇಳಿತು. ಒಡೆತನದ ಪ್ರಶ್ನೆಯಲ್ಲಿ ಎದುರುಬದುರು ನಿಂತಿದ್ದ ಮನೆಗಳ ಮಕ್ಕಳು ಬೆಲೆಯ ಪ್ರಶ್ನೆ ಬಂದಾಗ ಒಂದೇ ಹಸಿರು ಶಾಲಿನಡಿ ಸೇರಿದ್ದು ಯಾರ ನಂಬಿಕೆಯೂ ಬದಲಾದದ್ದರಿಂದಲ್ಲ.

ಹಾಗೆಂದು ಬದಲಾವಣೆಯೇ ಸುಳ್ಳು ಎಂದೂ ನಾನು ಹೇಳಲಾರೆ. ಜಯಪ್ರಕಾಶ ನಾರಾಯಣರು 1920ರ ದಶಕದಲ್ಲಿ ಅಮೆರಿಕದಲ್ಲಿ ಓದುತ್ತಿದ್ದಾಗ ಮಾರ್ಕ್ಸ್‌ವಾದಿಯಾದರು, 1934ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷ ಕಟ್ಟಿದವರಲ್ಲಿ ಒಬ್ಬರಾದರು, 1954ರಲ್ಲಿ ಪಕ್ಷ ರಾಜಕೀಯವನ್ನೇ ತೊರೆದು ವಿನೋಬಾ ಅವರ ಸರ್ವೋದಯಕ್ಕೆ ಜೀವನದಾನ ಮಾಡಿದರು, ಇಪ್ಪತ್ತು ವರ್ಷಗಳ ನಂತರ ಎಪ್ಪತ್ತೆರಡರ ಹತ್ತಿರದ ವಯಸ್ಸಿನಲ್ಲಿ ಬಿಹಾರದ ವಿದ್ಯಾರ್ಥಿಗಳ ಮುಂದೆ ಸಂಪೂರ್ಣ ಕ್ರಾಂತಿಯ ಮಾತಾಡಿದರು. ಪ್ರತಿ ತಿರುವಿನಲ್ಲೂ ಹಿಂದಿನದನ್ನು ಏಕೆ ಬಿಟ್ಟೆನೆಂದು ಬರೆದಿಟ್ಟರು. ಗಾಂಧೀಜಿಯವರಂತೂ 1933ರಲ್ಲಿ ‘ಹರಿಜನ’ ಪತ್ರಿಕೆಯಲ್ಲಿ, ತಮ್ಮ ಎರಡು ಬರಹಗಳ ನಡುವೆ ವಿರೋಧ ಕಂಡರೆ ನಂತರ ಬರೆದದ್ದನ್ನೇ ಆರಿಸಿಕೊಳ್ಳಿ ಎಂದು ಓದುಗರಿಗೆ ಹೇಳಿಬಿಟ್ಟಿದ್ದರು. ತಮ್ಮಲ್ಲಿ ಆ ರೀತಿಯ ತಿರುವು ಆಗಿದೆಯೆಂದು ನನಗನಿಸುವುದಿಲ್ಲ. ಸಂತೋಷವಾದ ಮರುದಿನ ತಾವು ಪ್ರತಿಭಟನೆಗೇ ಹೋಗಿದ್ದೀರಿ.

ಉತ್ತರ 2: ಮಾಜಿ ಮಂಡಲ ಸದಸ್ಯೆ

ಅಧ್ಯಾಪಕರು ಹೇಳಿದ ಹದಿಹರೆಯದ ಲೆಕ್ಕ ಗಂಡಸರಿಗೆ ಸರಿಹೋಗಬಹುದು. ಹದಿನೆಂಟರಿಂದ ಇಪ್ಪತ್ತೈದರವರೆಗೆ ನನಗೆ ಯಾವ ಲೋಕವೂ ಕಾಣಲಿಲ್ಲ, ಕಂಡದ್ದು ಧಾರವಾಡ ಜಿಲ್ಲೆಯ ಒಂದು ಊರಿನ ಅಡುಗೆಮನೆ. ಮತದಾನದ ದಿನ ಮಾವನವರು ಹೇಳಿದ ಗುರುತಿಗೆ ಮನೆಯ ನಾಲ್ಕು ಹೆಂಗಸರೂ ಒತ್ತಿ ಬರುತ್ತಿದ್ದೆವು. ನನ್ನ ರಾಜಕೀಯ ಬುದ್ಧಿ ಹುಟ್ಟಿದ್ದು ಮೂವತ್ಮೂರನೆಯ ವಯಸ್ಸಿನಲ್ಲಿ, ಅದೂ ಸರ್ಕಾರದ ಒಂದು ಕಾಯ್ದೆಯ ದಯದಿಂದ.

ಅಬ್ದುಲ್ ನಜೀರ್ ಸಾಬರು ಪಂಚಾಯತ್ ರಾಜ್ ಮಂತ್ರಿಯಾಗಿದ್ದಾಗ ಮಂಡಲ ಪಂಚಾಯತಿಗಳಿಗೆ 1987ರ ಜನವರಿಯಲ್ಲಿ ಚುನಾವಣೆ ನಡೆದು, ನೂರಕ್ಕೆ ಇಪ್ಪತ್ತೈದು ಸ್ಥಾನ ಹೆಂಗಸರಿಗೆ ಮೀಸಲಾಯಿತು. ಸ್ಥಾನ ಮನೆಯ ಹೊರಗೆ ಹೋಗಬಾರದೆಂದು ಮಾವನವರು ನನ್ನನ್ನು ನಿಲ್ಲಿಸಿದರು. ಮೊದಲ ಆರು ತಿಂಗಳು ನನ್ನ ಯಜಮಾನರೇ ಸಭೆಗೆ ಬಂದು ಬಾಗಿಲ ಹತ್ತಿರ ಕೂರುತ್ತಿದ್ದರು. ಆ ದಿನಗಳಲ್ಲಿ ನನಗೆ ಖಚಿತವಾಗಿ ಗೊತ್ತಿದ್ದ ರಾಜಕೀಯ ಅಭಿಪ್ರಾಯ ಒಂದೇ ಒಂದು: ಮೀಸಲಾತಿ ಕೆಟ್ಟದ್ದು. ಹಿಂದಿನ ವರ್ಷ ವೆಂಕಟಸ್ವಾಮಿ ಆಯೋಗದ ವರದಿ ಬಂದು, ನಮ್ಮಂತಹವರು ಹಿಂದುಳಿದವರ ಪಟ್ಟಿಯಿಂದ ಹೊರಗೆ ಬಿದ್ದೆವೆಂದು ಮನೆಯಲ್ಲಿ ದಿನವೂ ಅದೇ ಮಾತು ನಡೆದಿತ್ತು. ಮೈದುನನಿಗೆ ಮೆಡಿಕಲ್ ಸೀಟು ಸಿಗದ ಸಂಕಟವೂ ಅದರಲ್ಲಿ ಬೆರೆತಿತ್ತು.

ಒಂದು ಸಭೆಯಲ್ಲಿ ಬೋರಿಂಗು ಎಲ್ಲಿ ಹಾಕಿಸಬೇಕೆಂಬ ಚರ್ಚೆ. ವಾಡೆಯ ಮುಂದೆಯೋ ಕೇರಿಯಲ್ಲಿಯೋ ಎಂದು. ವಾಡೆಯ ಮುಂದೆ ಎಂದು ನಾನು ಕೈ ಎತ್ತಿದೆ, ಜೊತೆಗೆ ಕೇರಿಯಿಂದ ಬಂದ ಸದಸ್ಯೆಯ ಬಗ್ಗೆ, ಮೀಸಲಾತಿಯವರು ಎಲ್ಲದಕ್ಕೂ ಮುಂದೆ ಬರುತ್ತಾರೆ ಎಂದು ಪಕ್ಕದವರಿಗೆ ಪಿಸುಗುಟ್ಟಿದೆ. ಆಕೆಗೆ ಕೇಳಿಸಿತು. ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿದುಕೊಳ್ಳಬೇಕೆನ್ನುವವಳ ಹಾಗೆ, “ಅಕ್ಕಾರ, ನೀವೂ ಮೀಸಲಾತಿಯಾಗ ಬಂದೀರಲ್ರೀ?” ಎಂದಳು. ಸಭೆ ನಕ್ಕಿತು. ನಾನು ಆ ಕುರ್ಚಿಯಲ್ಲಿ ಕುಳಿತು ಏಳು ತಿಂಗಳಾಗಿತ್ತು, ಒಂದು ದಿನವೂ ನನಗೆ ಅದು ಹೊಳೆದಿರಲಿಲ್ಲ.

ಮರುದಿನ ನಾನು ಬದಲಾಗಿಬಿಟ್ಟೆ ಎಂದು ಹೇಳಿದರೆ ಅದು ಕಥೆಯಾಗುತ್ತದೆ. ಬೋರಿಂಗು ವಾಡೆಯ ಮುಂದೆಯೇ ಬಂತು. ಆಕೆಯ ಜೊತೆ ತಾಲ್ಲೂಕಿಗೆ ಬಸ್ಸಿನಲ್ಲಿ ಓಡಾಡುತ್ತ, ಒಂದೇ ಕಚೇರಿಯಲ್ಲಿ ನನಗೆ ಕುರ್ಚಿ, ಆಕೆಗೆ ಗೋಡೆ ಸಿಗುವುದನ್ನು ನೋಡುತ್ತ, ಮೂರು ವರ್ಷ ಹಿಡಿಯಿತು. 1990ರಲ್ಲಿ ಹಿಂದುಳಿದ ವರ್ಗಗಳ ಮೀಸಲಾತಿಯ ಮಂಡಲ್ ವರದಿಯ ವಿರುದ್ಧ ಊರಿನ ಹುಡುಗರು ಬಸ್ಸು ತಡೆದಾಗ ಮನೆಯಲ್ಲಿ ನಾನೊಬ್ಬಳೇ ಬೇರೆ ಮಾತಾಡಿದೆ. ನನ್ನ ಮಗನಿಗೆ ಅದರಿಂದ ನಷ್ಟವೇ ಇತ್ತು. ಹೀಗಾಗಿ ಹಿತಾಸಕ್ತಿಯೇ ಎಲ್ಲವನ್ನೂ ಮಾತಾಡಿಸುತ್ತದೆ ಎನ್ನುವುದನ್ನು ನಾನು ಒಪ್ಪಲಾರೆ. ಆದರೆ ಆ ಬದಲಾವಣೆ ಪುಸ್ತಕದಿಂದಲೂ ವಯಸ್ಸಿನಿಂದಲೂ ಬರಲಿಲ್ಲ. ಬೇರೆ ದಾರಿಯಲ್ಲಿ ನಾನು ಎಂದೂ ಕೂರದಿದ್ದವಳ ಪಕ್ಕದಲ್ಲಿ ಕಾಯ್ದೆ ನನ್ನನ್ನು ಕೂರಿಸಿತು.

ಉತ್ತರ 3: ಸಂದೇಹಿ

ಇಷ್ಟು ನಯವಾದ ಮಾತುಗಳ ನಡುವೆ ಒಂದು ಒರಟು ಮಾತು ಇರಲಿ. 1978ರಲ್ಲಿ ಚಿಕ್ಕಮಗಳೂರಿನಲ್ಲಿ ಇಂದಿರಾ ಗಾಂಧಿಯವರ ಎದುರು ನಿಂತ ವೀರೇಂದ್ರ ಪಾಟೀಲರು 1989ರಲ್ಲಿ ಇಂದಿರಾ ಅವರ ಪಕ್ಷದಿಂದಲೇ ಮುಖ್ಯಮಂತ್ರಿಯಾದರು. ಮಂಗಳೂರಿನಲ್ಲಿ ಹುಟ್ಟಿ, 1974ರ ರೈಲ್ವೆ ಮುಷ್ಕರದ ಮುಂದಾಳಾಗಿ, ಕೈಕೋಳ ಹಾಕಿಸಿಕೊಂಡ ಚಿತ್ರದಿಂದಲೇ ಒಂದು ತಲೆಮಾರಿನ ಎದೆಯಲ್ಲಿ ಕೂತ ಜಾರ್ಜ್ ಫರ್ನಾಂಡಿಸರು ಎನ್‌ಡಿಎ ಸರ್ಕಾರದ ರಕ್ಷಣಾ ಮಂತ್ರಿಯಾದರು. 1968ರಲ್ಲಿ ಪ್ರಜಾ ಸಮಾಜವಾದಿ ಪಕ್ಷದಿಂದ ಮಂಡ್ಯವನ್ನು ಗೆದ್ದ ಎಸ್.ಎಂ. ಕೃಷ್ಣ ಅವರು ಕಾಂಗ್ರೆಸ್ಸಿನಲ್ಲಿ ಮುಖ್ಯಮಂತ್ರಿ ಪದವಿಯವರೆಗೂ ಏರಿ 2017ರಲ್ಲಿ ಬಿಜೆಪಿ ಸೇರಿದರು. ಇವರೆಲ್ಲರ ಬಳಿಯೂ ಕಾರಣಗಳಿದ್ದವು. ಅವು ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಪದವಿಯೂ ನಂಬಿಕೆಯೂ ಒಂದೇ ಬಾಗಿಲಿನಿಂದ ಒಳಬಂದಾಗ ಯಾವುದು ಯಾವುದನ್ನು ಕರೆತಂದಿತೆಂದು ಹೊರಗೆ ನಿಂತವರಿಗೆ ಗೊತ್ತಾಗುವುದಿಲ್ಲ. ಬಹುಶಃ ಒಳಗಿದ್ದವರಿಗೂ.

ಮತದಾರರಾದ ನಾವು ಇದಕ್ಕಿಂತ ಮೇಲೆಂದು ಯಾರೂ ಬೀಗಬೇಕಿಲ್ಲ. 2019ರಲ್ಲಿ ನಮ್ಮ ವಿಧಾನಸಭೆಯ 17 ಶಾಸಕರು ಅನರ್ಹರಾದರು. ಡಿಸೆಂಬರ್‌ನಲ್ಲಿ 15 ಕ್ಷೇತ್ರಗಳ ಉಪಚುನಾವಣೆ ನಡೆದಾಗ 12 ಕಡೆ ಗೆದ್ದದ್ದು ಬಿಜೆಪಿ. ಹದಿನೆಂಟು ತಿಂಗಳ ಹಿಂದೆ ಅದೇ ಕ್ಷೇತ್ರಗಳು ಬೇರೆ ಪಕ್ಷಗಳನ್ನು ಗೆಲ್ಲಿಸಿದ್ದವು. ಅಷ್ಟು ಸಾವಿರ ಜನರ ಸಿದ್ಧಾಂತ ಒಂದೂವರೆ ವರ್ಷದಲ್ಲಿ ಮಾಗಿತೇ?

ನನ್ನದು ಸರಳವಾದ ಅಳತೆಗೋಲು. ನಷ್ಟ ತಂದ ಬದಲಾವಣೆಯನ್ನು ನಂಬುತ್ತೇನೆ, ಲಾಭ ತಂದದ್ದನ್ನು ಎರಡು ಸಲ ನೋಡುತ್ತೇನೆ. ಮಂಡಲ ಸದಸ್ಯೆಯವರದನ್ನು ನಂಬುತ್ತೇನೆ. ಪ್ರಶ್ನೆ ಕೇಳಿದವರ ಸಂತೋಷವನ್ನು ಎರಡು ಸಲ ನೋಡುತ್ತೇನೆ, ಅವರ ತಂದೆಯವರ ಹಸು-ಕರುವನ್ನೂ ಸಹ.

ಉತ್ತರ 4: ಕೂಲಿಕಾರನ ಮಗ

ಇಲ್ಲಿ ಬರೆಯಬೇಕೇ ಬೇಡವೇ ಎಂದು ಎರಡು ದಿನ ಯೋಚಿಸಿದೆ. ನನಗೆ ನಲವತ್ತೊಂದು ವರ್ಷ, ಪ್ರೌಢಶಾಲೆಯಲ್ಲಿ ಶಿಕ್ಷಕ. ನಮ್ಮದೂ ಶಿವಮೊಗ್ಗ ಜಿಲ್ಲೆಯೇ.

ಪ್ರಶ್ನೆ ಕೇಳಿದ ಹಿರಿಯರು 1974ರಿಂದ 2020ರವರೆಗಿನ ದಾರಿಯನ್ನು ನೆನೆದಿದ್ದಾರೆ, ಅಧ್ಯಾಪಕರು ಅದರಲ್ಲಿ ಐದು ಪ್ರಶ್ನೆಗಳನ್ನು ಎಣಿಸಿದ್ದಾರೆ. ಆ ಐದರಲ್ಲಿ ಒಂದೂ ನಮ್ಮ ಮನೆಯ ಪ್ರಶ್ನೆಯಲ್ಲ. ‘ಉಳುವವನೇ ಹೊಲದೊಡೆಯ’ ಎಂದು ಕೂಗಿದಾಗ ಉಳುವವನು ಎಂದರೆ ಗೇಣಿ ಕೊಡುತ್ತಿದ್ದವನು. ಆ ಗೇಣಿದಾರನ ಗದ್ದೆಯಲ್ಲಿ ಕೂಲಿಗೆ ನೇಗಿಲು ಹಿಡಿದವನಲ್ಲ. ನಮ್ಮಜ್ಜನಿಗೆ ಏಳನೇ ನಮೂನೆ ಹಾಕುವುದಕ್ಕೆ ಗೇಣಿಯೇ ಇರಲಿಲ್ಲ. ಅಜ್ಜ ಜೀತಕ್ಕಿದ್ದವನು. ತುರ್ತುಪರಿಸ್ಥಿತಿಯಲ್ಲಿ ಇಂದಿರಾ ಗಾಂಧಿಯವರು ತಂದ ಇಪ್ಪತ್ತು ಅಂಶಗಳ ಕಾರ್ಯಕ್ರಮದಲ್ಲಿ ಜೀತ ನಿಷೇಧವೂ ಇತ್ತು. 1976ರಲ್ಲಿ ಅದು ಕಾಯ್ದೆಯಾಯಿತು, ಅಜ್ಜ ಬಿಡುಗಡೆಯಾದ. ಸ್ನೇಹಲತಾ ರೆಡ್ಡಿಯವರ ಹೆಸರು ನಾನು ಕೇಳಿದ್ದು ಕಾಲೇಜಿಗೆ ಹೋದ ಮೇಲೆ. ಹಿರಿಯರು ತುರ್ತುಪರಿಸ್ಥಿತಿ ಎಂದು ಕರೆಯುವ ಕಾಲವನ್ನು ನಮ್ಮಜ್ಜಿ ‘ಅಜ್ಜನನ್ನು ಬಿಟ್ಟ ವರ್ಷ’ ಎಂದು ಕರೆಯುತ್ತಿದ್ದಳು. ಗೋಡೆಯ ಮೇಲೆ ಇಂದಿರಮ್ಮನ ಫೋಟೊ ಇತ್ತು.

ನಾನು ದಲಿತ ಸಂಘರ್ಷ ಸಮಿತಿಯ ಶಿಬಿರಗಳಿಗೆ ಹೋಗಲು ಶುರುಮಾಡಿದ ಮೇಲೆ ಆ ಫೋಟೊ ಇಳಿಸಿ ಬಾಬಾಸಾಹೇಬರ ಫೋಟೊ ಹಾಕಿದೆ. ಅಜ್ಜಿ ಮಾತಾಡಲಿಲ್ಲ, ಮರುದಿನ ಇನ್ನೊಂದು ಮೊಳೆ ಹೊಡೆದು ಇಂದಿರಮ್ಮನನ್ನು ಪಕ್ಕದಲ್ಲೇ ತೂಗುಹಾಕಿದಳು. ಅದನ್ನು ಅಜ್ಞಾನ ಎಂದು ತಿಳಿದಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ, ಆದರೆ ಏನನ್ನಿಸುತ್ತದೆ ಎಂದು ಒಂದು ಮಾತಿನಲ್ಲಿ ಹೇಳಲೂ ಬರುವುದಿಲ್ಲ. ಬಾಬಾಸಾಹೇಬರು ತಾನು ಹಿಂದುವಾಗಿ ಸಾಯುವುದಿಲ್ಲ ಎಂದು ಯೇವಲಾದಲ್ಲಿ ಘೋಷಿಸಿದ್ದು 1935ರಲ್ಲಿ, ನಾಗಪುರದಲ್ಲಿ ಬೌದ್ಧ ಧರ್ಮ ಸ್ವೀಕರಿಸಿದ್ದು 1956ರ ಅಕ್ಟೋಬರ್ 14ರಂದು. ಬಿಡುವುದು ಖಚಿತವಾದ ಮೇಲೂ ಎಲ್ಲಿಗೆ ಹೋಗಬೇಕೆಂಬುದಕ್ಕೆ ಇಪ್ಪತ್ತೊಂದು ವರ್ಷ ತೆಗೆದುಕೊಂಡರು. ಅದನ್ನು ಓದಿದಾಗಿನಿಂದ ನನಗೆ ಸ್ವಲ್ಪ ಸಮಾಧಾನವಿದೆ.

2020ರ ತಿದ್ದುಪಡಿಯ ಬಗ್ಗೆ ನನಗೆ ಸಂತೋಷವೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಅದು ಭೂಮಿ ಇದ್ದವರು ಮತ್ತು ದುಡ್ಡು ಇದ್ದವರ ನಡುವಿನ ಮಾತು. ಹಿರಿಯರ ಮನಸ್ಸು ನೋಯಿಸಲು ಹೇಳುತ್ತಿಲ್ಲ: ತಾವು ಇಪ್ಪತ್ತೊಂದರಲ್ಲಿ ಶುದ್ಧರಾಗಿದ್ದು ಅರವತ್ತೈದರಲ್ಲಿ ಕೆಟ್ಟಿರಿ ಎಂದು ತಾವು ಭಾವಿಸಿದಂತಿದೆ. ತಮ್ಮ ಮನೆಯ ಸಮಾಜವಾದಕ್ಕೆ ಮೊದಲ ದಿನದಿಂದಲೇ ಒಂದು ಬೇಲಿ ಇತ್ತು, ನಾವು ಅದರ ಆಚೆ ಇದ್ದೆವು. ಆ ಬೇಲಿ ಎಂದೂ ಬದಲಾಗಿಲ್ಲ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ: ಶರಾವತಿ ಸೀಮೆಯವ

ಎಲ್ಲರಿಗೂ ವಂದನೆಗಳು. ಸಂದೇಹಿಯವರ ಅಳತೆಗೋಲನ್ನು ಹಿಡಿದರೆ ನನ್ನ ತಂದೆಯವರು ಅಪ್ರಾಮಾಣಿಕರಾಗುತ್ತಾರೆ, ಜೈಲಿಗೆ ಹೋದ 1951ರಲ್ಲೂ ಕೂಡ, ಏಕೆಂದರೆ ಕೊಳಗ ಚಿಕ್ಕದಾದರೆ ಲಾಭ ಅವರಿಗೇ ಇತ್ತು. ಹಾಗಾದರೆ ಏನೂ ಇಲ್ಲದವನ ನ್ಯಾಯದ ಬೇಡಿಕೆಯೆಲ್ಲ ಸ್ವಾರ್ಥವೆಂದೂ ಎಲ್ಲ ಇದ್ದವನ ಔದಾರ್ಯ ಮಾತ್ರ ನಂಬಿಕೆಯೆಂದೂ ಆಗಿಬಿಡುತ್ತದೆ. ಅದನ್ನು ನಾನು ಒಪ್ಪುವುದಿಲ್ಲ. 1977ರಲ್ಲಿ ನಾನು ಹಿಡಿದಿದ್ದ ಅಳತೆಗೋಲೂ ಅದೇ ಎಂಬುದು ಅವರ ಬರಹ ಓದಿದಾಗಲೇ ಹೊಳೆದದ್ದು. ತಂದೆಯವರು 1991ರಲ್ಲಿ ತೀರಿಕೊಂಡರು. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಹದಿನಾಲ್ಕು ವರ್ಷ ಸಮಯವಿತ್ತು, ತೆಗೆದುಕೊಳ್ಳಲಿಲ್ಲ. ಅಧ್ಯಾಪಕರು ನಾನು ಪ್ರತಿಭಟನೆಗೆ ಹೋದದ್ದನ್ನು ಗುರುತಿಸಿದ್ದಾರೆ. ಹೋದದ್ದು ನಿಜ, ಆದರೆ ಗೆಳೆಯರು ಏನೆಂದುಕೊಳ್ಳುತ್ತಾರೋ ಎಂದು ಹೋದೆ. ಅವರೇ ಹೇಳಿದ ಬೆನಿಂಗ್ಟನ್ ಹೆಣ್ಣುಮಕ್ಕಳ ಹಾಗೆ ನನ್ನ ನಂಬಿಕೆಯನ್ನೂ ಸುತ್ತ ಕುಳಿತವರು ಕಾಯುತ್ತಿದ್ದಾರೆ ಅನ್ನಿಸುತ್ತದೆ. ಅವರಲ್ಲಿ ಈಗ ಉಳಿದಿರುವುದು ಮೂರು ಜನ.

ಕೊನೆಯಲ್ಲಿ ಬರೆದ ಶಿಕ್ಷಕರಿಗೆ ಏನು ಹೇಳಲಿ. ನಮ್ಮ ತೋಟದ ಮೇಲ್ಭಾಗದ ಬ್ಯಾಣದ, ಅಂದರೆ ಹುಲ್ಲುಗಾವಲಿನ, ಅಂಚಿನಲ್ಲಿ ಒಂದು ಮನೆಯಿದೆ. ನನ್ನ ತಂದೆಯವರ ಕಾಲದಿಂದ ನಮ್ಮಲ್ಲಿ ಕೆಲಸಕ್ಕೆ ಬರುತ್ತಿದ್ದವರದು. 1976ರಲ್ಲಿ ಪಹಣಿ ಬಂದ ದಿನ ತಂದೆಯವರು ಅವರ ಮನೆಯ ಹಿರಿಯನಿಗೆ ಒಂದು ಪಂಚೆ, ಎರಡು ಕೊಳಗ ಭತ್ತ ಕೊಟ್ಟದ್ದು ನನಗೆ ನೆನಪಿದೆ. ಅದನ್ನು ನಾನು ಇಷ್ಟು ವರ್ಷ ಒಳ್ಳೆಯ ನೆನಪುಗಳ ಸಾಲಿನಲ್ಲಿ ಇಟ್ಟುಕೊಂಡಿದ್ದೆ. ಆ ಮನೆ ನಿಂತಿರುವ ಎರಡು ಗುಂಟೆಯನ್ನು ತಮ್ಮ ಹೆಸರಿಗೆ ಮಾಡಿಕೊಡಿ ಎಂದು ಅವರ ಮೊಮ್ಮಗ ಹೋದ ವರ್ಷ ಕೇಳಿದ್ದಾನೆ. ನೋಡೋಣ ಎಂದಿದ್ದೇನೆ. ದಲ್ಲಾಳಿ ಹೇಳಿದ ಬೆಲೆ ಆ ಮೂಲೆಯೂ ಸೇರಿದ ಬೆಲೆ; ರಸ್ತೆ ಇರುವುದು ಆ ಕಡೆಗೇ. ಮೂಲೆ ಕಳೆದುಕೊಂಡರೆ ಕೊಳ್ಳುವವರು ಹಿಂದೆ ಸರಿಯುತ್ತಾರೆ ಎನ್ನುತ್ತಾನೆ ಮಗ. ನನ್ನ ಹೆಂಡತಿ ಏನೂ ಹೇಳುವುದಿಲ್ಲ, ಆದರೆ ಆ ಮನೆಯವರು ಬಂದಾಗ ನನ್ನನ್ನೇ ನೋಡುತ್ತಾಳೆ.

ತಮ್ಮ ಬರಹ ಓದಿದ ಮೇಲೆ, ಆ ಎರಡು ಗುಂಟೆ ಬಿಟ್ಟು ಉಳಿದದ್ದಕ್ಕೆ ಎಷ್ಟು ಬರುತ್ತದೆ ಎಂದು ದಲ್ಲಾಳಿಯನ್ನು ಕೇಳಿದ್ದೇನೆ. ಅವನು ಇನ್ನೂ ಹೇಳಿಲ್ಲ.